ಎರಡು ಊರು, ಒಂದು ಪ್ರಶ್ನೆ: ತೌಲನಿಕ ಸಂಶೋಧನೆಯನ್ನು ಕಲಿಯುವ ಬಗೆ

ಮುಂಬಯಿ, ಪುಣೆ, ಗೋವಾಗಳಲ್ಲಿ ಸಮಾಜವಿಜ್ಞಾನ ಓದುವ ಕನ್ನಡದ ವಿದ್ಯಾರ್ಥಿಗಳು ಎಂ.ಎ. ಕಿರುಪ್ರಬಂಧಕ್ಕೋ ಪಿಎಚ್.ಡಿ. ಮಹಾಪ್ರಬಂಧಕ್ಕೋ ಹೆಸರಿಡುವಾಗ ಕೊನೆಯಲ್ಲಿ ‘ಒಂದು ತೌಲನಿಕ ಅಧ್ಯಯನ’ ಎಂದು ಸೇರಿಸುವುದು ವಾಡಿಕೆಯಾಗಿದೆ. ತೆರೆದು ನೋಡಿದರೆ ಮೊದಲರ್ಧದಲ್ಲಿ ಒಂದು ಊರಿನ ವಿವರ, ಉಳಿದರ್ಧದಲ್ಲಿ ಮತ್ತೊಂದು ಊರಿನ ವಿವರ, ಕಡೆಯ ಅಧ್ಯಾಯದಲ್ಲಿ ಸಾಮ್ಯ ಮತ್ತು ವ್ಯತ್ಯಾಸಗಳ ಪಟ್ಟಿ ಇರುತ್ತದೆ. ಶ್ರಮಪಟ್ಟು ಕಲೆಹಾಕಿದ ಆ ವಿವರಗಳಿಗೆ ಬೆಲೆಯಿದೆ. ಆದರೆ ಆ ಎರಡು ಊರುಗಳನ್ನೇ ಏಕೆ ಜೊತೆಗಿಟ್ಟು ನೋಡಿದರು, ಒಂದನ್ನಷ್ಟೇ ನೋಡಿದ್ದರೆ ತಿಳಿಯದೆ ಹೋಗುತ್ತಿದ್ದ ಯಾವ ಸಂಗತಿ ಇದರಿಂದ ತಿಳಿಯಿತು ಎಂದು ಕೇಳಿದರೆ ಅಲ್ಲಿ ಉತ್ತರ ಸಿಗುವುದಿಲ್ಲ. ತೌಲನಿಕ ಸಂಶೋಧನೆಯ ಅರ್ಧಕ್ಕಿಂತ ಹೆಚ್ಚಿನ ಕೆಲಸ ಹೋಲಿಸಬೇಕಾದ ಊರುಗಳನ್ನು ಆರಿಸುವಾಗಲೇ ನಡೆಯಬೇಕು ಎಂಬುದು ನನ್ನ ದೃಢವಾದ ನಂಬಿಕೆ. ಈ ಲೇಖನದ ಹೆಜ್ಜೆಗಳೆಲ್ಲ ಆ ನಂಬಿಕೆಯಿಂದಲೇ ಹೊರಟಿವೆ.

ರಸಾಯನಶಾಸ್ತ್ರದವರು ಒಂದು ಅಂಶವನ್ನು ಬದಲಿಸಿ, ಉಳಿದದ್ದನ್ನೆಲ್ಲ ಹಾಗೆಯೇ ಇರಿಸಿ ಪರಿಣಾಮವನ್ನು ನೋಡಬಲ್ಲರು. ಒಂದು ಊರಿನ ಜನರನ್ನು ಹಾಗೆ ಪ್ರಯೋಗಕ್ಕೆ ಒಡ್ಡಲಾಗದು. ಆದ್ದರಿಂದ ಸಮಾಜವಿಜ್ಞಾನಿ ಚರಿತ್ರೆಯೇ ಒಡ್ಡಿಕೊಟ್ಟ ವ್ಯತ್ಯಾಸಗಳನ್ನು ಹುಡುಕಿ, ಅವುಗಳಿಂದ ಕಾರಣವನ್ನು ಊಹಿಸಿ ಪರೀಕ್ಷಿಸಬೇಕಾಗುತ್ತದೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ 1895ರಲ್ಲಿಯೇ ಈ ವಿಧಾನವನ್ನು ಸಮಾಜಶಾಸ್ತ್ರದ ಒಂದು ಕವಲೆಂದು ಎಣಿಸದೆ ಅದರ ತಿರುಳೆಂದೇ ವಾದಿಸಿದ್ದನು. ನಮ್ಮ ಸೀಮೆಯಲ್ಲಿಯೂ ಇದಕ್ಕೆ ಗಟ್ಟಿಯಾದ ಪರಂಪರೆಯಿದೆ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿದ್ದ ಇರಾವತಿ ಕರ್ವೆಯವರು 1953ರಲ್ಲಿ ಪ್ರಕಟಿಸಿದ ಬಂಧುತ್ವದ ಅಧ್ಯಯನದಲ್ಲಿ ಭಾರತವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿ, ಮದುವೆಯ ನಿಯಮಗಳನ್ನು ವಲಯದಿಂದ ವಲಯಕ್ಕೆ ಹೋಲಿಸಿದರು. ಕರ್ನಾಟಕ ದಕ್ಷಿಣದ ವಲಯಕ್ಕೂ ಮಹಾರಾಷ್ಟ್ರ ನಡುವಣ ವಲಯಕ್ಕೂ ಸೇರಿದ್ದರಿಂದ, ಸೋದರಮಾವನ ಮಗಳನ್ನು ತರುವ ಪದ್ಧತಿ ಎಲ್ಲಿಯವರೆಗೆ ಹರಡಿದೆ, ಸೋದರತ್ತೆಯ ಮಗಳ ವಿಷಯದಲ್ಲಿ ಎಲ್ಲಿಂದ ನಿಷೇಧ ಕಾಣತೊಡಗುತ್ತದೆ ಎಂಬ ಪ್ರಶ್ನೆಗಳಿಗೆ ಗಡಿಸೀಮೆಯೇ ಉತ್ತರ ಕೊಡುವಂತಾಯಿತು.

ಮುಂದಿನ ಹೆಜ್ಜೆಗಳನ್ನು ವಿವರಿಸಲು ಒಂದೇ ಉದಾಹರಣೆಯನ್ನು ಕೊನೆಯವರೆಗೂ ಬಳಸುತ್ತೇನೆ: ಕರ್ನಾಟಕದ ಹೊರಗೆ ನೆಲೆಸಿದ ಕುಟುಂಬಗಳು ಮಕ್ಕಳನ್ನು ಕನ್ನಡ ಮಾಧ್ಯಮದ ಶಾಲೆಗೆ ಕಳಿಸುವ ವಿಚಾರ. ಮುಂಬಯಿ ಮಹಾನಗರಪಾಲಿಕೆ ಕನ್ನಡ ಶಾಲೆಗಳನ್ನು ನಡೆಸುತ್ತ ಬಂದಿದೆ. ಸೊಲ್ಲಾಪುರ ಮತ್ತು ಸಾಂಗಲಿ ಜಿಲ್ಲೆಗಳ ಗಡಿ ತಾಲ್ಲೂಕುಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಅವುಗಳಿಗೆ ಬೇಕಾದ ಕನ್ನಡ ಪಠ್ಯಪುಸ್ತಕಗಳನ್ನು ಪುಣೆಯ ಬಾಲಭಾರತಿ ಸಂಸ್ಥೆ ಹೊರತರುತ್ತದೆ. ವಿಷಯ ನಮಗೆ ಹತ್ತಿರದ್ದಾಗಿರುವುದರಿಂದ ವಿಧಾನದ ತೊಡಕುಗಳು ಬೇಗ ಕಣ್ಣಿಗೆ ಬೀಳುತ್ತವೆ.

ಮೊದಲ ಹೆಜ್ಜೆ: ಊರಿಗಿಂತ ಮೊದಲು ಪ್ರಶ್ನೆ

‘ಮುಂಬಯಿ ಮತ್ತು ಸೊಲ್ಲಾಪುರದ ಕನ್ನಡ ಶಾಲೆಗಳು’ ಎಂಬುದು ವಿಷಯ ಮಾತ್ರ, ಅದು ಇನ್ನೂ ಪ್ರಶ್ನೆಯಾಗಿಲ್ಲ. ‘ಕನ್ನಡ ಮಾತನಾಡುವವರು ಸಾಕಷ್ಟು ಸಂಖ್ಯೆಯಲ್ಲಿರುವ ಊರುಗಳಲ್ಲಿಯೂ ಕೆಲವೆಡೆ ಪೋಷಕರು ಕನ್ನಡ ಶಾಲೆಯನ್ನು ಉಳಿಸಿಕೊಂಡಿದ್ದಾರೆ, ಕೆಲವೆಡೆ ಕೈಬಿಟ್ಟಿದ್ದಾರೆ, ಈ ಅಂತರ ಹೇಗೆ ಬಂತು?’ ಎಂಬುದು ಪ್ರಶ್ನೆ. ಇದರಲ್ಲಿ ವಿವರಿಸಬೇಕಾದ ಫಲಿತಾಂಶವಿದೆ, ಆ ಫಲಿತಾಂಶ ಊರಿಂದೂರಿಗೆ ಬದಲಾಗುತ್ತದೆ ಎಂಬ ಗಮನಿಕೆಯಿದೆ, ಒಂದು ಸಂಭಾವ್ಯ ಕಾರಣವನ್ನು, ಅಂದರೆ ಜನಸಂಖ್ಯೆಯನ್ನು, ಆಗಲೇ ಪಕ್ಕಕ್ಕಿಟ್ಟ ಜಾಣ್ಮೆಯೂ ಇದೆ. ನಿಮ್ಮ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದು, ಅದರೊಳಗೆ ಬದಲಾಗುವ ಸಂಗತಿ ಯಾವುದೆಂದು ಗೆರೆ ಎಳೆದು ತೋರಿಸಲು ಪ್ರಯತ್ನಿಸಿರಿ. ಗೆರೆ ಎಳೆಯಲು ಏನೂ ಸಿಗದಿದ್ದರೆ ಊರುಗಳ ಹೆಸರನ್ನು ಇನ್ನೂ ಎತ್ತಬಾರದು. ಯಾವ ಅವಧಿಯ ಬಗ್ಗೆ ಕೇಳುತ್ತಿದ್ದೀರಿ ಎಂಬುದನ್ನೂ ಅದೇ ವಾಕ್ಯದಲ್ಲಿ ಹೇಳಿಬಿಡಿ.

ಎರಡನೆಯ ಹೆಜ್ಜೆ: ಯಾರ ಬಗ್ಗೆ ಮಾತನಾಡುತ್ತಿದ್ದೇವೆ

ಹೋಲಿಸುತ್ತಿರುವುದು ನಗರಗಳನ್ನೋ ಶಾಲೆಗಳನ್ನೋ ಕುಟುಂಬಗಳನ್ನೋ ಎಂಬುದು ನಿರ್ಧಾರವಾಗದೆ ಅಂಕಿಅಂಶಗಳನ್ನು ಮುಟ್ಟುವುದು ಅಪಾಯ. 1950ರಲ್ಲಿ ಡಬ್ಲ್ಯು. ಎಸ್. ರಾಬಿನ್ಸನ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ ಆ ದೇಶದ 1930ರ ಜನಗಣತಿಯನ್ನು ಮುಂದಿಟ್ಟುಕೊಂಡು ತೋರಿಸಿದ ಸಂಗತಿಯನ್ನು ವಲಸೆಯ ಬಗ್ಗೆ ಬರೆಯುವ ಪ್ರತಿಯೊಬ್ಬರೂ ತಿಳಿದಿರಬೇಕು. ರಾಜ್ಯವಾರು ಅಂಕಿಗಳಲ್ಲಿ ವಿದೇಶದಲ್ಲಿ ಹುಟ್ಟಿದವರ ಪ್ರಮಾಣ ಹೆಚ್ಚಿರುವ ಕಡೆ ಅನಕ್ಷರತೆ ಕಡಿಮೆಯಿತ್ತು. ಬಿಡಿ ವ್ಯಕ್ತಿಗಳನ್ನು ನೋಡಿದಾಗ ವಿದೇಶದಲ್ಲಿ ಹುಟ್ಟಿದವರಲ್ಲಿಯೇ ಅನಕ್ಷರತೆ ಹೆಚ್ಚಿತ್ತು. ಸ್ಥಳೀಯರು ಹೆಚ್ಚು ಓದಿಕೊಂಡಿದ್ದ ರಾಜ್ಯಗಳಿಗೇ ವಲಸಿಗರು ಹೋಗಿ ನೆಲೆಸಿದ್ದುದರಿಂದ ಎರಡು ಹಂತಗಳ ಉತ್ತರಗಳು ಎದುರುಬದುರಾದವು. ಮುಂಬಯಿಯ ಯಾವುದೋ ವಾರ್ಡಿನಲ್ಲಿ ಕನ್ನಡಿಗರು ಹೆಚ್ಚಿದ್ದಾರೆ, ಅಲ್ಲಿಯೇ ಇಂಗ್ಲಿಷ್ ಶಾಲೆಗಳೂ ಹೆಚ್ಚಿವೆ, ಆದ್ದರಿಂದ ಕನ್ನಡಿಗರು ಇಂಗ್ಲಿಷ್ ಶಾಲೆಗಳತ್ತ ವಾಲಿದ್ದಾರೆ ಎಂದು ಬರೆದರೆ ಅದೇ ಕುಣಿಕೆಯಲ್ಲಿ ಸಿಲುಕಿದಂತೆ. ಕುಟುಂಬಗಳ ಬಗ್ಗೆ ತೀರ್ಮಾನ ಬೇಕಿದ್ದರೆ ಕುಟುಂಬಗಳ ಹಂತದಲ್ಲಿಯೇ ಪುರಾವೆ ಇರಬೇಕು.

ಮೂರನೆಯ ಹೆಜ್ಜೆ: ಅಳತೆಗೋಲು ಎರಡೂ ಕಡೆ ಒಂದೇ ಇದೆಯೇ?

ಈ ಹೆಜ್ಜೆಯಲ್ಲಿ ತುಸು ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ನಮ್ಮ ಪ್ರದೇಶದ ಹೋಲಿಕೆಗಳು ಹೆಚ್ಚಾಗಿ ದಾರಿ ತಪ್ಪುವುದು ಇಲ್ಲಿಯೇ. ಇಟಲಿಯ ರಾಜ್ಯಶಾಸ್ತ್ರಜ್ಞ ಜೊವಾನಿ ಸಾರ್ತೋರಿ 1970ರಲ್ಲಿ ನೀಡಿದ ಎಚ್ಚರಿಕೆ ಇದು: ಒಂದು ಕಡೆ ರೂಪುಗೊಂಡ ಪರಿಕಲ್ಪನೆಯನ್ನು ಇನ್ನೊಂದು ಕಡೆಗೆ ಎಳೆದು ಹಿಗ್ಗಿಸುತ್ತ ಹೋದರೆ ಅದು ಎಲ್ಲದಕ್ಕೂ ಅನ್ವಯಿಸತೊಡಗುತ್ತದೆ, ಆದರೆ ಯಾವುದನ್ನೂ ಗುರುತಿಸದಂತಾಗುತ್ತದೆ.

‘ಕನ್ನಡಿಗ’ ಎಂಬ ವರ್ಗವನ್ನೇ ತೆಗೆದುಕೊಳ್ಳೋಣ. ಮುಂಬಯಿಯಲ್ಲಿ ಉಡುಪಿ, ದಕ್ಷಿಣ ಕನ್ನಡಗಳಿಂದ ಬಂದು ಹೋಟೆಲು ನಡೆಸಿದ ಕುಟುಂಬಗಳು ಮನೆಯಲ್ಲಿ ತುಳು ಆಡುತ್ತವೆ, ಕನ್ನಡ ಪತ್ರಿಕೆ ಓದುತ್ತವೆ, ಕನ್ನಡ ರಾತ್ರಿಶಾಲೆಗಳ ನೆನಪನ್ನು ಅಭಿಮಾನದಿಂದ ಹೇಳುತ್ತವೆ. ಜನಗಣತಿಯಲ್ಲಿ ತುಳು ಪ್ರತ್ಯೇಕ ಭಾಷೆ, ಹಾಗಾಗಿ ಮಾತೃಭಾಷೆಯ ಕೋಷ್ಟಕದಲ್ಲಿ ಈ ಕುಟುಂಬಗಳು ಕನ್ನಡದ ಸಾಲಿನಲ್ಲಿ ಕಾಣಿಸುವುದಿಲ್ಲ. ಇತ್ತ ಗೋವಾದ ಕಟ್ಟಡ ಕಾಮಗಾರಿಗಳಲ್ಲಿ ದುಡಿಯಲು ಉತ್ತರ ಕರ್ನಾಟಕದಿಂದ ಹೋಗುವವರಲ್ಲಿ ಲಂಬಾಣಿ ಸಮುದಾಯದವರೂ ಇದ್ದಾರೆ. 2011ರ ಜನಗಣತಿ ಲಂಬಾಣಿಯನ್ನು ಹಿಂದಿಯ ಗುಂಪಿನಡಿ ಎಣಿಸಿರುವುದರಿಂದ, ಊರಿನಲ್ಲಿ ಕನ್ನಡ ಶಾಲೆಯಲ್ಲಿ ಕಲಿತು ಬಂದ ಲಂಬಾಣಿ ದಂಪತಿ ಭಾಷೆಯ ಕೋಷ್ಟಕದಲ್ಲಿ ಹಿಂದಿಯವರಾಗಿ ಸೇರಿಹೋಗುತ್ತಾರೆ. ಮಾತೃಭಾಷೆ ಕನ್ನಡವೆಂದು ದಾಖಲಾದವರನ್ನಷ್ಟೇ ಲೆಕ್ಕಕ್ಕೆ ಹಿಡಿದು ಮುಂಬಯಿಯನ್ನೂ ಗೋವಾವನ್ನೂ ಹೋಲಿಸಿದರೆ ಎರಡೂ ಕಡೆ ಬೇರೆ ಬೇರೆ ಜನರನ್ನು, ಬೇರೆ ಬೇರೆ ಕಾರಣಕ್ಕೆ ಬಿಟ್ಟಂತಾಗುತ್ತದೆ. ನಮ್ಮ ಪ್ರಶ್ನೆಯಂಥದಕ್ಕೆ ‘ತಂದೆ ಅಥವಾ ತಾಯಿ ಕನ್ನಡ ಮಾಧ್ಯಮದಲ್ಲಿ ಕನಿಷ್ಠ ಪ್ರಾಥಮಿಕ ಶಿಕ್ಷಣ ಪಡೆದ ಕುಟುಂಬ’ ಎಂಬ ವ್ಯಾಖ್ಯೆ ಹೆಚ್ಚು ಉಪಯುಕ್ತವೆಂದು ನನಗೆ ತೋರುತ್ತದೆ. ಅದನ್ನು ಜನಗಣತಿಯಿಂದ ಪಡೆಯಲಾಗದು, ಮನೆಮನೆಗೆ ಹೋಗಿ ಕೇಳಬೇಕಾಗುತ್ತದೆ. ವ್ಯಾಖ್ಯೆ ಸರಿಯಾಗಿದ್ದರೆ ಆ ಶ್ರಮ ವ್ಯರ್ಥವಾಗದು.

ಸರ್ಕಾರಿ ವರ್ಗೀಕರಣಗಳನ್ನೂ ಹೀಗೆಯೇ ಬಿಡಿಸಿ ನೋಡಬೇಕು. 2011ರ ಜನಗಣತಿ ಒಂದು ಪ್ರದೇಶವನ್ನು ಕೊಳೆಗೇರಿಯೆಂದು ಗುರುತಿಸಲು ಸುಮಾರು 300 ಜನ ಅಥವಾ 60–70 ಕುಟುಂಬಗಳಿರಬೇಕೆಂದು ಇಟ್ಟುಕೊಂಡಿತ್ತು. ರಾಷ್ಟ್ರೀಯ ಮಾದರಿ ಸಮೀಕ್ಷೆಗೆ 20 ಕುಟುಂಬಗಳಿದ್ದರೆ ಸಾಕು. ಇವೆರಡು ಮೂಲಗಳಿಂದ ಒಂದೊಂದು ನಗರದ ಅಂಕಿ ತಂದು ಪಕ್ಕಪಕ್ಕ ಇಡುವಂತಿಲ್ಲ. ನಗರೀಕರಣದ ಮಾತೂ ಅಷ್ಟೇ. 2011ರಲ್ಲಿ ಗೋವಾದ ಶೇಕಡಾ 62ರಷ್ಟು ಜನ ನಗರವಾಸಿಗಳೆಂದು ದಾಖಲಾದರು, ಮಹಾರಾಷ್ಟ್ರದಲ್ಲಿ ಆ ಪ್ರಮಾಣ ಶೇಕಡಾ 45. ಇದನ್ನು ಓದಿ ಗೋವಾವನ್ನು ಮುಂಬಯಿ ಇರುವ ಮಹಾರಾಷ್ಟ್ರಕ್ಕಿಂತ ದೊಡ್ಡ ನಗರಜೀವನದ ನಾಡೆಂದು ಭಾವಿಸುವಂತಿಲ್ಲ. ಜನಗಣತಿಯ ಪ್ರಕಾರ 5,000 ಜನಸಂಖ್ಯೆ, ದುಡಿಯುವ ಪುರುಷರಲ್ಲಿ ಮುಕ್ಕಾಲು ಪಾಲು ಕೃಷಿಯೇತರ ಕೆಲಸದಲ್ಲಿರುವುದು, ಚದರ ಕಿಲೋಮೀಟರಿಗೆ 400 ಜನರ ಸಾಂದ್ರತೆ, ಈ ಮೂರಿದ್ದರೆ ಗ್ರಾಮ ಪಂಚಾಯಿತಿಯ ಆಡಳಿತದಲ್ಲಿರುವ ಊರೂ ಪಟ್ಟಣವೆನಿಸುತ್ತದೆ. ಗೋವಾದಲ್ಲಿ ಅಂಥ ಊರುಗಳು ಬಹಳ. ಸಾಕ್ಷರತೆಯನ್ನು ಜನಗಣತಿ ಏಳು ವರ್ಷ ತುಂಬಿದವರಲ್ಲಿ ಲೆಕ್ಕಹಾಕುತ್ತದೆ, ಕುಟುಂಬ ಆರೋಗ್ಯ ಸಮೀಕ್ಷೆ ಮಹಿಳೆಯರಲ್ಲಿ 15ರಿಂದ 49 ವಯಸ್ಸಿನವರನ್ನು ನೋಡುತ್ತದೆ. ಬಳಸುವ ಪ್ರತಿಯೊಂದು ಅಂಕಿಗೂ ಯಾರನ್ನು ಎಣಿಸಿದೆ, ಯಾರನ್ನು ಬಿಟ್ಟಿದೆ, ಯಾವ ವರ್ಷದ್ದು ಎಂಬ ಮೂರು ಟಿಪ್ಪಣಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವ ಅಭ್ಯಾಸ ಮಾಡಿಕೊಳ್ಳಿ.

ನಾಲ್ಕನೆಯ ಹೆಜ್ಜೆ: ಪ್ರಕರಣಗಳ ಆಯ್ಕೆ

ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಸ್ಟೂವರ್ಟ್ ಮಿಲ್ 1843ರಲ್ಲಿ ವಿವರಿಸಿದ ಎರಡು ತರ್ಕಗಳು ಇಂದಿಗೂ ಈ ವಿಧಾನದ ಬುನಾದಿ. ಬಹುಪಾಲು ಎಲ್ಲ ವಿಷಯಗಳಲ್ಲಿ ಸಮಾನವಾಗಿದ್ದರೂ ಫಲಿತಾಂಶದಲ್ಲಿ ಭಿನ್ನವಾಗಿರುವ ಎರಡು ಪ್ರಕರಣಗಳಿದ್ದರೆ, ಅಂದರೆ ಹೋಲಿಕೆಗೆ ಆರಿಸಿದ ಎರಡು ಊರುಗಳೋ ಶಾಲೆಗಳೋ ಇದ್ದರೆ, ಅವುಗಳ ನಡುವೆ ಉಳಿದಿರುವ ವ್ಯತ್ಯಾಸದಲ್ಲಿ ಕಾರಣವನ್ನು ಹುಡುಕಬಹುದು. ಬಹುಪಾಲು ವಿಷಯಗಳಲ್ಲಿ ಭಿನ್ನವಾಗಿದ್ದೂ ಫಲಿತಾಂಶ ಒಂದೇ ಆಗಿದ್ದರೆ, ಅವುಗಳಲ್ಲಿ ಸಮಾನವಾಗಿ ಕಾಣುವ ಅಂಶದಲ್ಲಿ ಹುಡುಕಬಹುದು. ಸಮಾಜದಲ್ಲಿ ಒಂದೇ ಫಲಕ್ಕೆ ಹಲವು ಕಾರಣಗಳು ಒಟ್ಟಿಗೆ ಸೇರುವುದರಿಂದ ಈ ತರ್ಕಗಳನ್ನು ಇಲ್ಲಿ ನೇರವಾಗಿ ಹೂಡಲಾಗದು ಎಂದು ಮಿಲ್ ತಾನೇ ಎಚ್ಚರಿಸಿದ್ದನು. ಆ ಎಚ್ಚರವನ್ನು ಮರೆಯದೆ ಬಳಸಿದರೆ ಮೊದಲನೆಯ ತರ್ಕ ವಿದ್ಯಾರ್ಥಿಗಳಿಗೆ ಹೆಚ್ಚು ಒಗ್ಗುತ್ತದೆ.

ಭಾರತದಲ್ಲಿ ಅದನ್ನು ಬಳಸಿದ ಒಂದು ಹೆಸರಾಂತ ಅಧ್ಯಯನ ರಾಜ್ಯಶಾಸ್ತ್ರಜ್ಞ ಅಶುತೋಷ್ ವಾರ್ಷ್ಣೇಯರದು. 2002ರಲ್ಲಿ ಪ್ರಕಟವಾದ ಆ ಕೃತಿಯಲ್ಲಿ ಅಲಿಗಢ–ಕಲ್ಲಿಕೋಟೆ, ಹೈದರಾಬಾದ್–ಲಖನೌ, ಅಹಮದಾಬಾದ್–ಸೂರತ್ ಎಂಬ ಮೂರು ಜೋಡಿಗಳಿವೆ. ಪ್ರತಿ ಜೋಡಿಯ ನಗರಗಳಲ್ಲಿ ಹಿಂದೂ–ಮುಸ್ಲಿಂ ಜನಸಂಖ್ಯೆಯ ಪ್ರಮಾಣ ಹತ್ತಿರಹತ್ತಿರವಿದೆ. ಆದರೆ ಒಂದರಲ್ಲಿ ಗಲಭೆಗಳು ಮರುಕಳಿಸಿವೆ, ಇನ್ನೊಂದರಲ್ಲಿ ಶಾಂತಿ ಬಹುಮಟ್ಟಿಗೆ ಉಳಿದಿದೆ. ಜನಸಂಖ್ಯೆಯ ಅನುಪಾತವನ್ನೇ ಕಾರಣವೆಂದು ಹೇಳುವ ದಾರಿ ಇದರಿಂದ ಮುಚ್ಚುತ್ತದೆ. ಎರಡೂ ಸಮುದಾಯಗಳು ಒಟ್ಟಿಗೆ ಇರುವ ಸಂಘಸಂಸ್ಥೆಗಳು, ವ್ಯಾಪಾರ ಸಂಬಂಧಗಳು ಎಷ್ಟು ಗಟ್ಟಿಯಾಗಿವೆ ಎಂಬ ಅಂಶದತ್ತ ಲೇಖಕರು ಓದುಗರನ್ನು ಕರೆದೊಯ್ಯುತ್ತಾರೆ. ತೀರ್ಮಾನವನ್ನು ಒಪ್ಪದವರೂ ಆ ಜೋಡಿಗಳನ್ನು ಕಟ್ಟಿದ ಬಗೆಯಿಂದ ಕಲಿಯಬೇಕಾದದ್ದು ಬಹಳವಿದೆ. ಕಲಿಯುವವರಿಗೆ ನನ್ನ ಸಲಹೆಯೆಂದರೆ, ಸ್ವಂತ ಅಧ್ಯಯನಕ್ಕೆ ಇಳಿಯುವ ಮುನ್ನ ಇಂಥ ಒಂದು ಕೃತಿಯನ್ನು ಎತ್ತಿಕೊಂಡು, ಅದರ ಪ್ರಶ್ನೆ, ಪ್ರಕರಣಗಳು, ಸ್ಥಿರವಾಗಿ ಹಿಡಿದ ಅಂಶಗಳು, ಬದಲಾಗುವ ಅಂಶ, ಪುರಾವೆ ಇವಿಷ್ಟನ್ನು ಒಂದೇ ಪುಟದಲ್ಲಿ ನಿಮ್ಮ ಮಾತಿನಲ್ಲಿ ಬರೆಯಿರಿ. ಹತ್ತು ಪಠ್ಯಪುಸ್ತಕಗಳನ್ನು ಓದಿ ಸಿಗದ ಸ್ಪಷ್ಟತೆ ಆ ಒಂದು ಪುಟ ಬರೆಯುವಾಗ ಸಿಗುತ್ತದೆ.

ಆಯ್ಕೆಯಲ್ಲಿ ಆಗುವ ದೊಡ್ಡ ದೋಷ, ಫಲಿತಾಂಶವನ್ನು ನೋಡಿ ಪ್ರಕರಣಗಳನ್ನು ಆರಿಸುವುದು. ಕಾರ್ಮಿಕರನ್ನು ಹತ್ತಿಕ್ಕಿದ ದೇಶಗಳು ವೇಗವಾಗಿ ಬೆಳೆದವು ಎಂಬ ವಾದಕ್ಕೆ ದಕ್ಷಿಣ ಕೊರಿಯಾ, ತೈವಾನ್, ಸಿಂಗಪುರಗಳನ್ನು ಎತ್ತಿ ತೋರಿಸುವುದು ಒಂದು ಕಾಲದ ರೂಢಿಯಾಗಿತ್ತು. ಬೆಳೆದ ದೇಶಗಳನ್ನಷ್ಟೇ ಆರಿಸಿದ್ದರಿಂದ ಆ ಸಂಬಂಧ ಕಂಡಿತೇ ಹೊರತು, ಅಭಿವೃದ್ಧಿಶೀಲ ದೇಶಗಳನ್ನೆಲ್ಲ ಸೇರಿಸಿ ನೋಡಿದರೆ ಅದು ನಿಲ್ಲುವುದಿಲ್ಲ ಎಂದು ಅಮೆರಿಕದ ರಾಜ್ಯಶಾಸ್ತ್ರಜ್ಞೆ ಬಾರ್ಬರಾ ಗೆಡ್ಡೆಸ್ 1990ರಲ್ಲಿ ತೋರಿಸಿದರು. ನಮ್ಮಲ್ಲಿ ಇದೇ ದೋಷ ಸದ್ದಿಲ್ಲದೆ ನುಸುಳುತ್ತದೆ. ಮುಂಬಯಿಯ ಕನ್ನಡ ಕುಟುಂಬಗಳನ್ನು ಭೇಟಿಯಾಗಲು ಹೊರಟ ಸಂಶೋಧಕ ಸಹಜವಾಗಿ ಕನ್ನಡ ಸಂಘಗಳ ಬಾಗಿಲು ತಟ್ಟುತ್ತಾನೆ, ಅಲ್ಲಿ ಸಿಕ್ಕವರ ಮೂಲಕ ಅವರ ಬಂಧುಬಳಗವನ್ನು ತಲುಪುತ್ತಾನೆ. ಸಂಘದ ಕಾರ್ಯಕ್ರಮಕ್ಕೆ ಬರುವವರು ಕನ್ನಡವನ್ನು ಉಳಿಸಿಕೊಂಡವರೇ ಆಗಿರುತ್ತಾರೆ. ಬಿಟ್ಟವರು ಆ ಸಭಾಂಗಣದಲ್ಲಿ ಇರುವುದಿಲ್ಲ. ಶಾಲೆಗಳ ವಿಷಯದಲ್ಲಿಯೂ ಇಂದಿನ ಪಟ್ಟಿಯಲ್ಲಿರುವುದು ಉಳಿದುಕೊಂಡ ಶಾಲೆಗಳು ಮಾತ್ರ. ಮುಚ್ಚಿದ ಶಾಲೆಗಳ ಹೆಸರನ್ನು ಹಳೆಯ ಪಟ್ಟಿಗಳಿಂದ, ನಿವೃತ್ತ ಶಿಕ್ಷಕರಿಂದ ಹೆಕ್ಕಿ ತೆಗೆದು ಅವನ್ನೂ ಪ್ರಕರಣಗಳ ಬುಟ್ಟಿಗೆ ಸೇರಿಸದೆ ಉಳಿವಿನ ಕಾರಣವನ್ನು ಹೇಳಲಾಗದು.

ಐದನೆಯ ಹೆಜ್ಜೆ: ಸಾಮ್ಯವನ್ನು ಚರಿತ್ರೆಯಲ್ಲಿ ಪರೀಕ್ಷಿಸುವುದು

ಗಡಿ ಎಂಬುದು ತೌಲನಿಕ ಸಂಶೋಧಕನಿಗೆ ಸಿಗುವ ಅಪರೂಪದ ಅವಕಾಶ. ಆಫ್ರಿಕದ ಮಲಾವಿ ಮತ್ತು ಜಾಂಬಿಯಾ ದೇಶಗಳ ನಡುವಣ ಗಡಿ ಚೇವಾ ಮತ್ತು ಟುಂಬುಕಾ ಎಂಬ ಎರಡು ಜನಾಂಗಗಳನ್ನು ಸೀಳಿಕೊಂಡು ಹೋಗಿದೆ. ಜನ ಅವರೇ, ಸಂಸ್ಕೃತಿ ಅದೇ. ಆದರೂ ಮಲಾವಿಯಲ್ಲಿ ಈ ಎರಡು ಜನಾಂಗಗಳ ನಡುವೆ ರಾಜಕೀಯ ವೈರವಿದೆ, ಜಾಂಬಿಯಾದಲ್ಲಿ ಸ್ನೇಹವಿದೆ. ಅಮೆರಿಕದ ರಾಜ್ಯಶಾಸ್ತ್ರಜ್ಞ ಡೇನಿಯಲ್ ಪೋಸ್ನರ್ ಗಡಿಯ ಎರಡೂ ಬದಿಯ ಹಳ್ಳಿಗಳನ್ನು ಅಧ್ಯಯನ ಮಾಡಿ, 2004ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಇಡೀ ದೇಶದ ಜನಸಂಖ್ಯೆಗೆ ಹೋಲಿಸಿದಾಗ ಆ ಗುಂಪುಗಳ ಗಾತ್ರವೆಷ್ಟು ಎಂಬುದೇ ನಿರ್ಣಾಯಕ ಎಂದು ವಾದಿಸಿದರು. ಮಲಾವಿಯಲ್ಲಿ ಅವು ರಾಜಕೀಯ ಬಣಗಳಾಗುವಷ್ಟು ದೊಡ್ಡವು, ಜಾಂಬಿಯಾದಲ್ಲಿ ಹಾಗಲ್ಲ.

ಭೀಮಾ ನದಿಯ ಆಚೀಚೆ ಕನ್ನಡ ಮಾತನಾಡುವ ಹಳ್ಳಿಗಳನ್ನು ಬಲ್ಲವರಿಗೆ ಈ ಅಧ್ಯಯನ ಓದಿದಾಗ ತಮ್ಮದೇ ಊರು ನೆನಪಾಗುತ್ತದೆ. ಸೊಲ್ಲಾಪುರ ಮತ್ತು ವಿಜಯಪುರ ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ಅಂದಿನಿಂದ ಒಂದು ಕಡೆ ಕನ್ನಡ ಆಡಳಿತ ಭಾಷೆಯಾಗುವ ದಾರಿ ಹಿಡಿಯಿತು, ಇನ್ನೊಂದು ಕಡೆ ಮರಾಠಿ. ಶಾಲೆಯಲ್ಲಿ ರಾಜ್ಯಭಾಷೆಯ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾನೂನು ಕರ್ನಾಟಕದಲ್ಲಿ 2015ರಲ್ಲಿಯೂ ಮಹಾರಾಷ್ಟ್ರದಲ್ಲಿ 2020ರಲ್ಲಿಯೂ ಬಂತು. ನದಿಯ ಈ ದಡದ ಹಳ್ಳಿಯನ್ನು ಆ ದಡದ ಹಳ್ಳಿಯೊಂದಿಗೆ ಇಟ್ಟು ನೋಡಿದರೆ ರಾಜ್ಯದ ಭಾಷಾನೀತಿಯ ಪರಿಣಾಮ ಕಾಣಬಹುದೆಂಬ ಆಸೆ ಹುಟ್ಟುವುದು ಸಹಜ.

ಆದರೆ ಗಡಿಯ ಎರಡೂ ಬದಿ ಮೊದಲು ಒಂದೇ ಆಗಿತ್ತು ಎಂಬ ಮಾತನ್ನು ತಾಲ್ಲೂಕು ತಾಲ್ಲೂಕಾಗಿ ಪರೀಕ್ಷಿಸಬೇಕು. ವಿಜಯಪುರ ಜಿಲ್ಲೆಯ ಇಂಡಿಯೂ ಇಂದಿನ ದಕ್ಷಿಣ ಸೊಲ್ಲಾಪುರದ ಭಾಗವೂ ಬ್ರಿಟಿಷರ ನೇರ ಆಳ್ವಿಕೆಯ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಪಕ್ಕದ ಅಕ್ಕಲಕೋಟೆ ಮತ್ತು ಜತ್ತ ಸ್ವಾತಂತ್ರ್ಯದವರೆಗೆ ದೇಶೀ ಸಂಸ್ಥಾನಗಳಾಗಿದ್ದವು. ಇಂದಿನ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರಗಳು ನಿಜಾಮನ ಹೈದರಾಬಾದಿನಲ್ಲಿದ್ದವು. ಅಕ್ಕಲಕೋಟೆಯ ಹಳ್ಳಿಯನ್ನು ಆಳಂದದ ಹಳ್ಳಿಯೊಂದಿಗೆ ಹೋಲಿಸಿ, ಕಂಡ ಅಂತರವನ್ನೆಲ್ಲ 1956ರ ನಂತರದ ನೀತಿಗೆ ಆರೋಪಿಸಿದರೆ, ಸಂಸ್ಥಾನದ ಮತ್ತು ನಿಜಾಮನ ಶಾಲಾ ವ್ಯವಸ್ಥೆಗಳ ನಡುವೆ ಮೊದಲೇ ಇದ್ದ ಅಂತರವನ್ನು ಹೊಸ ಸರ್ಕಾರದ ಖಾತೆಗೆ ಬರೆದಂತಾಗುತ್ತದೆ. ದಕ್ಷಿಣ ಸೊಲ್ಲಾಪುರ–ಇಂಡಿ ಜೋಡಿ ಈ ದೃಷ್ಟಿಯಿಂದ ಹೆಚ್ಚು ಗಟ್ಟಿ. ಅಲ್ಲಿಯೂ ನೀರಾವರಿಯನ್ನು ಮರೆಯುವಂತಿಲ್ಲ: ಭೀಮಾ ನದಿಗೆ ಕಟ್ಟಿದ ಉಜನಿ ಅಣೆಕಟ್ಟಿನ ನೀರು ಸೊಲ್ಲಾಪುರ ಜಿಲ್ಲೆಯ ಬೇಸಾಯವನ್ನೂ ಸಕ್ಕರೆ ಕಾರ್ಖಾನೆಗಳನ್ನೂ ಬದಲಿಸಿತು, ಕೈಯಲ್ಲಿ ಹಣವಿರುವ ರೈತ ಮಕ್ಕಳ ಶಾಲೆಯನ್ನು ಬೇರೆ ರೀತಿಯಲ್ಲಿ ಆರಿಸಬಹುದು. ಆದ್ದರಿಂದ ಕಾಲುವೆ ನೀರು ಎರಡೂ ಕಡೆ ಇರುವ ಅಥವಾ ಎರಡೂ ಕಡೆ ಇಲ್ಲದ ಹಳ್ಳಿಗಳನ್ನು ಜೋಡಿ ಮಾಡಬೇಕಾಗುತ್ತದೆ.

ಚರಿತ್ರೆ ಒಡ್ಡುವ ಇನ್ನೊಂದು ತೊಡಕನ್ನು ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1888ರಲ್ಲಿ, ಮಾನವಶಾಸ್ತ್ರಜ್ಞ ಎಡ್ವರ್ಡ್ ಟೈಲರ್ ಲಂಡನ್ನಿನಲ್ಲಿ ತನ್ನ ತೌಲನಿಕ ಲೇಖನವನ್ನು ಮಂಡಿಸಿದಾಗ ಎತ್ತಿದನು. ಎರಡು ಸಮಾಜಗಳು ಒಂದರಿಂದೊಂದು ಕಲಿತಿದ್ದರೆ ಅವನ್ನು ಎರಡು ಪ್ರತ್ಯೇಕ ಪುರಾವೆಗಳೆಂದು ಎಣಿಸಬಹುದೇ ಎಂಬುದು ಅವನ ಪ್ರಶ್ನೆ. ಗಡಿಯ ಹಳ್ಳಿಗಳ ನಡುವೆ ಹೆಣ್ಣು ಕೊಟ್ಟು ತರುವುದಿದೆ, ಸಂತೆಯಿದೆ, ಮಕ್ಕಳು ನದಿ ದಾಟಿ ಆಚೆಯ ಶಾಲೆಗೆ ಹೋಗುವುದೂ ಉಂಟು. ಅಂಥ ಓಡಾಟ ಎಷ್ಟಿದೆ ಎಂಬುದನ್ನು ಪ್ರಶ್ನಾವಳಿಯಲ್ಲಿಯೇ ಕೇಳಿಬಿಡುವುದು ಉತ್ತಮ.

ಆರನೆಯ ಹೆಜ್ಜೆ: ಆಕರಗಳು

ಮುಂಬಯಿ, ಪುಣೆ, ಗೋವಾಗಳಲ್ಲಿರುವವರು ಆಕರಗಳ ವಿಷಯದಲ್ಲಿ ಭಾಗ್ಯವಂತರು. ಮುಂಬಯಿಯಲ್ಲಿ 1936ರಲ್ಲಿ ಆರಂಭವಾದ ಟಾಟಾ ಸಮಾಜವಿಜ್ಞಾನ ಸಂಸ್ಥೆಯೂ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು 1992–93ರಿಂದ 2019–21ರವರೆಗೆ ಐದು ಸುತ್ತು ನಡೆಸಿದ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯೂ ಇವೆ. ಪುಣೆಯ ಗೋಖಲೆ ಅರ್ಥಶಾಸ್ತ್ರ ಸಂಸ್ಥೆಯ ಗ್ರಂಥಾಲಯ ಹಳೆಯ ಜನಗಣತಿ ಸಂಪುಟಗಳಿಗೆ ಹೆಸರಾದದ್ದು. ಪಣಜಿಯಲ್ಲಿ 1832ರಲ್ಲಿ ಸ್ಥಾಪನೆಯಾದ, ಇಂದು ಕೃಷ್ಣದಾಸ ಶಾಮಾ ಹೆಸರಿನಲ್ಲಿರುವ ಕೇಂದ್ರ ಗ್ರಂಥಾಲಯವಿದೆ. ಶಾಲೆಗಳ ಮಾಧ್ಯಮವಾರು ವಿವರಕ್ಕೆ ಕೇಂದ್ರ ಶಿಕ್ಷಣ ಸಚಿವಾಲಯದ ಯುಡೈಸ್ ಎಂಬ ಶಾಲಾ ದತ್ತಾಂಶವನ್ನೂ, ಭಾಷೆಗೆ ಜನಗಣತಿಯ ಸಿ–16, ದ್ವಿಭಾಷಿಕತೆಗೆ ಸಿ–17, ವಲಸೆಗೆ ಡಿ ಸರಣಿಯ ಕೋಷ್ಟಕಗಳನ್ನೂ ನೋಡಬೇಕು.

ಹಳೆಯ ಕಾಲಕ್ಕೆ ಮುಂಬಯಿ ಪ್ರಾಂತ್ಯದ ಗ್ಯಾಸೆಟಿಯರುಗಳಿಗಿಂತ ಒಳ್ಳೆಯ ಆರಂಭ ಇಲ್ಲ. ಸೊಲ್ಲಾಪುರದ ಸಂಪುಟವೂ ವಿಜಾಪುರದ ಸಂಪುಟವೂ 1884ರಲ್ಲಿ, ಜೇಮ್ಸ್ ಕ್ಯಾಂಪ್‌ಬೆಲ್‌ನ ಸಂಪಾದಕತ್ವದಲ್ಲಿಯೇ, ಒಂದೇ ಬಗೆಯ ಅಧ್ಯಾಯ ವಿಂಗಡಣೆಯಲ್ಲಿ ಹೊರಬಂದವು. ಎರಡರಲ್ಲಿಯೂ ಶಿಕ್ಷಣದ ಅಧ್ಯಾಯವನ್ನು ತೆರೆದು ಪಕ್ಕಪಕ್ಕ ಓದಿದರೆ, ಗಡಿ ಬೀಳುವುದಕ್ಕೆ ಏಳು ದಶಕಗಳ ಹಿಂದೆ ಆ ಜಿಲ್ಲೆಗಳು ಎಷ್ಟು ಸಮಾನವಾಗಿದ್ದವು ಎಂಬುದಕ್ಕೆ ನೇರ ಪುರಾವೆ ಸಿಗುತ್ತದೆ. ಗೋವಾಕ್ಕೆ ಈ ಅನುಕೂಲವಿಲ್ಲ. 1961ರ ಡಿಸೆಂಬರಿನವರೆಗಿನ ಅಲ್ಲಿಯ ಗಣತಿಗಳೆಲ್ಲ ಪೋರ್ಚುಗೀಸ್ ಆಡಳಿತದವು, ಅವುಗಳ ವರ್ಗೀಕರಣವನ್ನು ಮೂರನೆಯ ಹೆಜ್ಜೆಯ ಎಚ್ಚರದಿಂದಲೇ ಓದಬೇಕು.

ಏಳನೆಯ ಹೆಜ್ಜೆ: ಕ್ಷೇತ್ರಕಾರ್ಯ

ಎರಡೂ ಊರುಗಳಲ್ಲಿ ಅದೇ ಪ್ರಶ್ನೆಗಳು, ಅದೇ ಅನುಕ್ರಮ, ಅದೇ ರೀತಿ ಕುಟುಂಬಗಳ ಆಯ್ಕೆ ಎಂಬುದನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ಋತುವಿನ ಬಗ್ಗೆ ಹೇಳುವವರು ಕಡಿಮೆ. ಕಬ್ಬು ನುರಿಸುವ ಕಾಲದಲ್ಲಿ, ದೀಪಾವಳಿಯ ಆಸುಪಾಸಿನಿಂದ ಬೇಸಿಗೆಯವರೆಗೆ, ಗಡಿಭಾಗದ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ಊರು ಬಿಡುತ್ತವೆ. ಒಂದು ಊರನ್ನು ಜುಲೈಯಲ್ಲಿಯೂ ಇನ್ನೊಂದನ್ನು ಜನವರಿಯಲ್ಲಿಯೂ ಸಮೀಕ್ಷಿಸಿದರೆ, ಜನವರಿಯ ಊರಿನಲ್ಲಿ ಬಡ ಕುಟುಂಬಗಳೇ ಲೆಕ್ಕದಿಂದ ಜಾರಿಹೋಗುತ್ತವೆ. ಮುಂಬಯಿಯ ಕರಾವಳಿ ಕುಟುಂಬಗಳು ಮೇ ತಿಂಗಳಲ್ಲಿ ಊರಿಗೆ ಹೋಗುವುದೂ ಇದೇ ಬಗೆಯದು. ಒಂದು ಊರನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗುವ ಬದಲು ಸರದಿಯ ಮೇಲೆ ಎರಡಕ್ಕೂ ಹೋಗಿಬರುವುದು ಲೇಸು. ಎರಡನೆಯ ಊರಿನಲ್ಲಿ ಹೊಳೆದ ಪ್ರಶ್ನೆಯನ್ನು ಮೊದಲನೆಯ ಊರಿನಲ್ಲಿ ಕೇಳುವ ಅವಕಾಶವೂ ಇದರಿಂದ ಉಳಿಯುತ್ತದೆ.

ಎಂಟನೆಯ ಹೆಜ್ಜೆ: ಕೋಷ್ಟಕ, ಆಮೇಲೆ ಕಥನ

ಸಂಗ್ರಹಿಸಿದ್ದನ್ನು ಊರುವಾರು ಬರೆಯತೊಡಗುವ ಮುನ್ನ ಅಂಶವಾರು ಕೋಷ್ಟಕ ಮಾಡಿಕೊಳ್ಳಿ. ಸಾಲುಗಳಲ್ಲಿ ಪ್ರಕರಣಗಳು, ಕಂಬಗಳಲ್ಲಿ ಸಂಭಾವ್ಯ ಕಾರಣಗಳು, ಕೊನೆಯ ಕಂಬದಲ್ಲಿ ಫಲಿತಾಂಶ. ಅಮೆರಿಕದ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ರೇಗಿನ್ 1987ರಲ್ಲಿ ಇದನ್ನೊಂದು ವ್ಯವಸ್ಥಿತ ವಿಧಾನವಾಗಿ ಬೆಳೆಸಿದರು. ಪ್ರತಿ ಕಾರಣವನ್ನೂ ‘ಇದೆ’ ಅಥವಾ ‘ಇಲ್ಲ’ ಎಂದು ಗುರುತಿಸಿದರೆ ಮೂರು ಕಾರಣಗಳಿಗೆ 8, ನಾಲ್ಕಕ್ಕೆ 16, ಐದಕ್ಕೆ 32 ಸಂಯೋಜನೆಗಳಾಗುತ್ತವೆ. ಎರಡೋ ಮೂರೋ ಊರುಗಳನ್ನಿಟ್ಟುಕೊಂಡು ಐದು ಕಾರಣಗಳನ್ನು ತೂಗಲು ಹೊರಟವರಿಗೆ ಈ ಲೆಕ್ಕವೇ ಸಾಕಷ್ಟು ಹೇಳುತ್ತದೆ. ಪ್ರಕರಣಗಳು ಕಡಿಮೆ, ಕಾರಣಗಳು ಹೆಚ್ಚು ಎಂಬ ಈ ಸಂಕಟವನ್ನು ರಾಜ್ಯಶಾಸ್ತ್ರಜ್ಞ ಅರೆಂಡ್ ಲೈಪ್‌ಹಾರ್ಟ್ 1971ರಲ್ಲಿಯೇ ಗುರುತಿಸಿದ್ದರು. ಒಂದು ನಗರದೊಳಗೆ ಶಾಲೆಗಳನ್ನೇ ಪ್ರಕರಣಗಳಾಗಿ ಹಿಡಿದರೆ ಸಂಖ್ಯೆ ಹೆಚ್ಚುತ್ತದೆ. ಒಂದೇ ಊರನ್ನು ಬೇರೆ ಬೇರೆ ಕಾಲಘಟ್ಟಗಳಲ್ಲಿ ನೋಡಿದರೂ ಹೆಚ್ಚುತ್ತದೆ.

ಕೋಷ್ಟಕ ಯಾವ ಕಾರಣ ಫಲಿತಾಂಶದ ಜೊತೆಗಿದೆ ಎಂಬುದನ್ನು ತೋರಿಸುತ್ತದೆ, ಅದು ಹೇಗೆ ಕೆಲಸ ಮಾಡಿತು ಎಂಬುದನ್ನು ಹೇಳುವುದಿಲ್ಲ. ಅದಕ್ಕೆ ಪ್ರತಿ ಪ್ರಕರಣದೊಳಗೆ ಘಟನೆಗಳ ಸರಪಳಿಯನ್ನು ಹಿಡಿದು ನಡೆಯಬೇಕು: ಶಾಲೆಯಲ್ಲಿ ಶಿಕ್ಷಕರ ಹುದ್ದೆ ಖಾಲಿಯಾದದ್ದು ಮೊದಲೋ, ಮಕ್ಕಳ ಸಂಖ್ಯೆ ಕುಸಿದದ್ದು ಮೊದಲೋ? ಏಳನೆಯ ತರಗತಿಯ ನಂತರ ಹತ್ತಿರದಲ್ಲಿ ಕನ್ನಡ ಪ್ರೌಢಶಾಲೆ ಇಲ್ಲವೆಂದು ತಿಳಿದ ಪೋಷಕರು ಒಂದನೆಯ ತರಗತಿಯಲ್ಲಿಯೇ ಮಾಧ್ಯಮ ಬದಲಿಸಿದರೋ? ಹಾಜರಿ ಪುಸ್ತಕ, ನೇಮಕದ ಆದೇಶ, ಪೋಷಕರ ನೆನಪು ಇವುಗಳನ್ನು ದಿನಾಂಕದ ಪ್ರಕಾರ ಜೋಡಿಸಿದಾಗ, ಕೋಷ್ಟಕದಲ್ಲಿ ಗಟ್ಟಿಯಾಗಿ ಕಂಡ ಕಾರಣವೊಂದು ಸಡಿಲವಾಗಬಹುದು. ಹಾಗೆ ಸಡಿಲವಾದರೆ ಕೋಷ್ಟಕವನ್ನು ತಿದ್ದಬೇಕು. ಈ ಎರಡರ ನಡುವೆ ಹಿಂದೆಮುಂದೆ ಓಡಾಡುವ ತಾಳ್ಮೆ ಇರುವವರಿಗೆ ಮಾತ್ರ ತೌಲನಿಕ ವಿಧಾನ ಫಲ ಕೊಡುತ್ತದೆ ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ.

ಕಡೆಯ ಹೆಜ್ಜೆ: ಮೂರನೆಯ ಊರು

ಎರಡು ಊರುಗಳಿಂದ ಹುಟ್ಟಿದ ವಿವರಣೆಯನ್ನು ಅವೇ ಎರಡು ಊರುಗಳು ಸಮರ್ಥಿಸುವುದರಲ್ಲಿ ಆಶ್ಚರ್ಯವಿಲ್ಲ. ಹತ್ತಿರದಲ್ಲಿ ಕನ್ನಡ ಪ್ರೌಢಶಾಲೆಯಿದ್ದರೆ ಪ್ರಾಥಮಿಕ ಶಾಲೆ ಉಳಿಯುತ್ತದೆ ಎಂಬ ತೀರ್ಮಾನಕ್ಕೆ ಗಡಿಯ ಹಳ್ಳಿಗಳಿಂದ ಬಂದಿದ್ದೀರಿ ಎಂದಿಟ್ಟುಕೊಳ್ಳಿ. ಇದು ನಿಜವಾಗಿದ್ದರೆ ಗೋವಾದ ವಾಸ್ಕೋದಲ್ಲಿ, ಅಥವಾ ಪುಣೆಯ ಕಟ್ಟಡ ಕಾರ್ಮಿಕರ ವಸತಿಯಲ್ಲಿ, ಏನು ಕಾಣಬೇಕು ಎಂಬುದನ್ನು ಅಲ್ಲಿಗೆ ಹೋಗುವ ಮೊದಲೇ ಕಾಗದದ ಮೇಲೆ ಬರೆದು, ದಿನಾಂಕ ಹಾಕಿ, ಮಾರ್ಗದರ್ಶಕರ ಕೈಗೆ ಕೊಡಿ. ಪ್ರಬಂಧದ ಕೊನೆಯ ಅಧ್ಯಾಯದಲ್ಲಿ ಆ ಊಹೆಯನ್ನು ಬರೆದಂತೆಯೇ ಅಚ್ಚುಮಾಡಿ, ಅದರ ಕೆಳಗೆ ಅಲ್ಲಿ ಕಂಡದ್ದನ್ನು ಬರೆಯಿರಿ. ಎರಡೂ ಹೊಂದದಿದ್ದರೆ ನಿಮ್ಮ ವಿವರಣೆ ಎಂಥ ಊರುಗಳಿಗೆ ಸಲ್ಲುತ್ತದೆ, ಎಂಥವಕ್ಕೆ ಸಲ್ಲುವುದಿಲ್ಲ ಎಂಬ ಗೆರೆಯನ್ನು ಅಲ್ಲಿಯೇ ಎಳೆದು, ಹಾಗೆ ಎಳೆದದ್ದಕ್ಕೆ ಕಾರಣವನ್ನೂ ಕೊಟ್ಟು ಪ್ರಬಂಧವನ್ನು ಸಲ್ಲಿಸಬಹುದು.